ಆಟದ ಬಯಲಿನ ಎರಡು ಅಳತೆಗೋಲುಗಳು

ಮಕ್ಕಳ ದೇಹಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದು ಈಗ ನಮ್ಮ ಶಾಲೆಗಳಿಗೆ ಬಂದಿದೆ. 2019ರ ಆಗಸ್ಟ್ 29ರಂದು 'ಫಿಟ್ ಇಂಡಿಯಾ' ಚಳವಳಿ ಆರಂಭವಾದ ಮೇಲೆ 'ಖೇಲೋ ಇಂಡಿಯಾ' ಯೋಜನೆಯ ಈ ಪರೀಕ್ಷೆಯ ಹೆಸರು ಉಪಾಧ್ಯಾಯರೆಲ್ಲರಿಗೂ ಪರಿಚಿತವಾಯಿತು. ನಾಲ್ಕನೆಯ ತರಗತಿಯಿಂದ ಮೇಲಿನ ಮಕ್ಕಳು 50 ಮೀಟರು ವೇಗವಾಗಿ ಓಡಬೇಕು. 600 ಮೀಟರನ್ನು ಓಡಿಯೋ ನಡೆದೋ ಪೂರೈಸಬೇಕು. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗಬೇಕು. ಅಂಗಾತ ಮಲಗಿ ಎದೆಯನ್ನೆತ್ತಬೇಕು. ಇಷ್ಟರವರೆಗೆ ಬಾಲಕರೂ ಬಾಲಿಕೆಯರೂ ಮಾಡತಕ್ಕದ್ದು ಒಂದೇ. ಆಮೇಲೆ ಬರುವುದು ಪುಷ್-ಅಪ್. ನಮ್ಮ ಗರಡಿಮನೆಯ ದಂಡಕ್ಕೆ ಹತ್ತಿರದ ಸಾಧನೆ. ಇಲ್ಲಿ ದಾರಿ ಎರಡಾಗುತ್ತದೆ. ಬಾಲಕರು ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹೊತ್ತು ಏಳಬೇಕು. ಬಾಲಿಕೆಯರು ಮೊಣಕಾಲುಗಳನ್ನು ನೆಲಕ್ಕೆ ಊರಿ ಏಳಬೇಕು.

ಒಮ್ಮೆ ನಾವು ಈ ಪರೀಕ್ಷೆಯನ್ನು ನಡೆಸುತ್ತಿದ್ದಾಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಮೊಣಕಾಲೂರದೆಯೇ ನಾಲ್ಕಾರು ಬಾರಿ ಎದ್ದು ತೋರಿಸಿ, "ನನಗೆ ಹೀಗೂ ಬರ್ತದಲ್ಲ, ಮತ್ತೆ ಮೊಣಕಾಲು ಯಾಕೆ ಊರಬೇಕು?" ಎಂದು ಕೇಳಿದಳು. "ಪುಸ್ತಕದಲ್ಲಿ ಹಾಗೆ ಬರೆದಿದೆ" ಎಂದು ನಾವು ಉತ್ತರಿಸಿದೆವು. ಅವಳು ಸುಮ್ಮನಾದಳು, ಮೊಣಕಾಲನ್ನೂ ಊರಿದಳು. ಆದರೆ ಆ ಉತ್ತರ ನಮಗೇ ಹಿಡಿಸಲಿಲ್ಲ. ಪುಸ್ತಕದಲ್ಲಿ ಬರೆದುದನ್ನು ಯಾರೋ ಒಂದು ಕಾಲದಲ್ಲಿ, ಯಾವುದೋ ಕಾರಣಕ್ಕಾಗಿ ಬರೆದಿರಬೇಕಷ್ಟೆ. ಆ ಕಾಲವೂ ಕಾರಣವೂ ಯಾವುವೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಶಾಲೆಯ ವ್ಯಾಯಾಮ ಶಿಕ್ಷಣವು ಯುರೋಪಿನಲ್ಲಿ ಹುಟ್ಟಿದುದು ಯುದ್ಧದ ನೆರಳಿನಲ್ಲಿ. ನೆಪೋಲಿಯನ್ನನಿಂದ ಸೋತ ಪ್ರಷ್ಯದಲ್ಲಿ ಫ್ರೀಡ್ರಿಕ್ ಲುಡ್ವಿಗ್ ಯಾನ್ ಎಂಬ ಉಪಾಧ್ಯಾಯನು 1811ರಲ್ಲಿ ಬರ್ಲಿನ್ ನಗರದ ಹೊರವಲಯದಲ್ಲಿ ಬಯಲು ವ್ಯಾಯಾಮಶಾಲೆಯನ್ನು ತೆರೆದನು. 1809ರಲ್ಲಿ ಫಿನ್ಲೆಂಡನ್ನು ಕಳೆದುಕೊಂಡ ಸ್ವೀಡನ್ನಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತನು 1813ರಲ್ಲಿ ಸ್ಟಾಕ್‌ಹೋಮಿನ ಕೇಂದ್ರ ವ್ಯಾಯಾಮ ಸಂಸ್ಥೆಯನ್ನು ಸ್ಥಾಪಿಸಿದನು. ಇಬ್ಬರ ಕಣ್ಣ ಮುಂದೆಯೂ ಇದ್ದವನು ನಾಳೆಯ ಸೈನಿಕ. ನಾವು ಇಂದಿಗೂ ಬಳಸುವ 'ಸಾಲಾಗಿ ನಿಲ್ಲು, ಎಡಕ್ಕೆ ತಿರುಗು' ಎಂಬ ಕವಾಯತಿನ ಮಾತುಗಳಲ್ಲಿ ಆ ಸೈನಿಕನ ಬೂಟಿನ ಸದ್ದು ಉಳಿದುಕೊಂಡಿದೆ. ಬಾಲಿಕೆಯು ಸೈನಿಕಳಾಗತಕ್ಕವಳಲ್ಲ, ಆದುದರಿಂದ ಆ ಬಯಲಿನಲ್ಲಿ ಅವಳಿಗೆ ಸ್ಥಳವಿರಲಿಲ್ಲ.

ಸ್ಥಳ ದೊರೆತಾಗಲೂ ಅದು ಬೇರೊಂದು ಗುರಿಯ ಹೆಸರಿನಲ್ಲಿ ದೊರೆಯಿತು. 1873ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ ಎಂಬಾತನು, ಹುಡುಗಿಯರು ಹುಡುಗರಂತೆ ಓದಿದರೆ ಶರೀರದ ಶಕ್ತಿಯೆಲ್ಲ ಮಿದುಳಿಗೆ ಹರಿದು ತಾಯ್ತನಕ್ಕೆ ಕುಂದು ಬರುವುದೆಂದು ಪುಸ್ತಕ ಬರೆದನು. ಮರುವರ್ಷವೇ ಇಂಗ್ಲೆಂಡಿನ ವೈದ್ಯೆ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಇದನ್ನು ಖಂಡಿಸಿದಳು. ಮನೆಗೆಲಸದ ಹೆಂಗಸರು ತಿಂಗಳಿನ ಎಲ್ಲ ದಿನಗಳಲ್ಲಿಯೂ ದುಡಿಯುತ್ತಿರುವುದನ್ನು ಅವಳು ಎತ್ತಿತೋರಿಸಿದಳು. ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. ಆಷಾಢದ ಮಳೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನೇಜಿ ನೆಡುವವರು ಯಾರು? ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವವರು ಯಾರು? ಅವರ ಸುಕುಮಾರತೆಯ ವಿಷಯವಾಗಿ ಯಾರೂ ಚಿಂತಿಸಿದಂತಿಲ್ಲ. ಹೆಣ್ಣು ಅಬಲೆ ಎಂಬ ಸಿದ್ಧಾಂತವು ಕೆಲಸದ ಹೊತ್ತಿಗೆ ಮರೆಯಾಗಿ, ಆಟದ ಹೊತ್ತಿಗೆ ಮಾತ್ರ ನೆನಪಾಗುತ್ತಿದ್ದುದು ಚರಿತ್ರೆಯ ಒಂದು ವಿನೋದ.

ಈ ಕಾಲದಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಶಿಕ್ಷಣ ಪಡೆದ ಮಾರ್ಟಿನಾ ಬರ್ಗ್‌ಮನ್ ಎಂಬಾಕೆಯನ್ನು 1881ರಲ್ಲಿ ಲಂಡನ್ನಿನ ಶಾಲಾ ಮಂಡಳಿಯು ಬಾಲಿಕೆಯರ ವ್ಯಾಯಾಮದ ಮೇಲ್ವಿಚಾರಣೆಗೆ ನೇಮಿಸಿತು. ಮುಂದೆ ಓಸ್ಟರ್‌ಬರ್ಗ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಈಕೆ 1885ರಲ್ಲಿ ಸ್ತ್ರೀಯರಿಗಾಗಿಯೇ ವ್ಯಾಯಾಮ ಶಿಕ್ಷಕಿಯರ ಕಾಲೇಜನ್ನು ತೆರೆದಳು. 1895ರಲ್ಲಿ ಅದು ಡಾರ್ಟ್‌ಫರ್ಡಿಗೆ ಸ್ಥಳಾಂತರವಾಯಿತು. ಸೊಂಟವನ್ನು ಬಿಗಿಯುವ ಕಟ್ಟು, ನೆಲ ಗುಡಿಸುವ ಲಂಗ ಇವುಗಳ ಬದಲು ಕೈಕಾಲು ಆಡಿಸಲು ಸುಲಭವಾದ, ತೋಳಿಲ್ಲದ ನಿಲುವಂಗಿಯನ್ನು ಆ ಕಾಲೇಜು ರೂಢಿಗೆ ತಂದಿತು. ಹುಡುಗಿಯರು ಓಡಲಾರರೆಂದು ಹೇಳುವ ಮೊದಲು ಅವರು ಏನನ್ನು ಉಟ್ಟು ಓಡುತ್ತಿದ್ದಾರೆಂದು ನೋಡಬೇಕೆಂಬ ಪಾಠ ಇದರಲ್ಲಿದೆ. ಆದರೂ ಓಸ್ಟರ್‌ಬರ್ಗಳು ಮುಂದಿಟ್ಟ ಗುರಿಯೂ ಆರೋಗ್ಯವಂತ ತಾಯ್ತನವೇ. ಹೀಗೆ ಬಾಲಕನ ಮೈಗೆ ಒಂದು ಗುರಿ, ಬಾಲಿಕೆಯ ಮೈಗೆ ಇನ್ನೊಂದು ಗುರಿ ನಿಶ್ಚಿತವಾಯಿತು. ಎರಡು ಅಳತೆಗೋಲುಗಳಿಗೆ ಮೂಲ ಇದು: ಮೊದಲು ಗುರಿಯನ್ನು ಬೇರೆಮಾಡಿದರು, ಅಳತೆ ತಾನಾಗಿ ಬೇರೆಯಾಯಿತು.

ಇದರ ಫಲವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಒಲಿಂಪಿಕ್ ಕ್ರೀಡೆಗಳ ಚರಿತ್ರೆಯಲ್ಲಿ. 1896ರ ಅಥೆನ್ಸ್ ಕೂಟದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. 1900ರಿಂದ ಟೆನಿಸ್, ಗಾಲ್ಫ್ ಮೊದಲಾದವುಗಳಲ್ಲಿ ಅವಕಾಶ ದೊರೆತರೂ ಓಟ, ನೆಗೆತಗಳ ಬಾಗಿಲು ಮುಚ್ಚಿಯೇ ಇತ್ತು. ಫ್ರಾನ್ಸಿನ ಅಲಿಸ್ ಮಿಲ್ಯಾ ಎಂಬ ಮಹಿಳೆ ಈ ಬಾಗಿಲನ್ನು ತಟ್ಟಿದಳು. ತೆರೆಯದೆಹೋದಾಗ 1921ರಲ್ಲಿ ಸ್ತ್ರೀಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿ, 1922ರ ಆಗಸ್ಟ್ 20ರಂದು ಪ್ಯಾರಿಸಿನಲ್ಲಿ ಸ್ತ್ರೀಯರದೇ ಆದ ಒಲಿಂಪಿಕ್ ಕೂಟವನ್ನು ನಡೆಸಿದಳು. ಹನ್ನೊಂದು ಸ್ಪರ್ಧೆಗಳಲ್ಲಿ 1,000 ಮೀಟರಿನ ಓಟವೂ ಇದ್ದಿತು. ಒಲಿಂಪಿಕ್ ಎಂಬ ಹೆಸರಿಗೆ ಆಕ್ಷೇಪ ಬಂದುದರಿಂದ ಹೆಸರು ಬದಲಾಯಿತೇ ಹೊರತು ಕೂಟ ನಿಲ್ಲಲಿಲ್ಲ. 1926, 1930, 1934ರಲ್ಲಿಯೂ ಅದು ಜರಗಿತು.

ಈ ಒತ್ತಡದ ಫಲವಾಗಿ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೆ ಐದು ಸ್ಪರ್ಧೆಗಳು ದೊರೆತುವು. ಐದು ಸಾಲವೆಂದು ಬ್ರಿಟಿಷ್ ಮಹಿಳೆಯರು ಬಹಿಷ್ಕಾರ ಹಾಕಿದರು. ಆ ಐದರಲ್ಲಿ ಅತ್ಯಂತ ದೀರ್ಘವಾದುದು 800 ಮೀಟರಿನ ಓಟ. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಸ್ಥಾಪಿಸಿದಳು. ಜಪಾನಿನ ಹಿತೋಮಿ ಕಿನುಯೆ ಎರಡನೆಯವಳಾದಳು. ಆದರೆ ಪತ್ರಿಕೆಗಳಲ್ಲಿ ಬಂದ ಸುದ್ದಿ ಬೇರೆ. ಹನ್ನೊಂದು ಮಂದಿ ಓಡಿದರು, ಐವರು ಅರ್ಧದಲ್ಲಿ ಬಿಟ್ಟರು, ಉಳಿದವರು ಕುಸಿದುಬಿದ್ದರು ಎಂಬಂಥ ವರದಿಗಳು ಹರಡಿದುವು. ನಿಜವಾಗಿ ಅಂತಿಮ ಸ್ಪರ್ಧೆಯಲ್ಲಿ ಓಡಿದವರು ಒಂಬತ್ತು ಮಂದಿ. ಒಂಬತ್ತು ಮಂದಿಯೂ ಓಟವನ್ನು ಪೂರೈಸಿದರು. ಓಡಿ ದಣಿದವರು ನೆಲದ ಮೇಲೆ ಒರಗಿದುದು ಸ್ತ್ರೀಜಾತಿಯ ದೌರ್ಬಲ್ಯಕ್ಕೆ ಸಾಕ್ಷಿಯಾಯಿತು. 200 ಮೀಟರಿಗಿಂತ ದೀರ್ಘವಾದ ಓಟಗಳು ಸ್ತ್ರೀಯರಿಗೆ ಸಲ್ಲವೆಂದು ತೀರ್ಮಾನವಾಗಿ, 800 ಮೀಟರು ಒಲಿಂಪಿಕ್ ಕೂಟಕ್ಕೆ ಮರಳಲು 1960ರವರೆಗೆ, ಅಂದರೆ 32 ವರ್ಷ ಕಾಯಬೇಕಾಯಿತು.

ಇದರೊಡನೆ ಇನ್ನೊಂದು ಘಟನೆಯನ್ನು ಹೋಲಿಸಿ ನೋಡುವುದು ಯುಕ್ತ. 1908ರ ಲಂಡನ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಮೊದಲಿಗನಾಗಿ ಕ್ರೀಡಾಂಗಣವನ್ನು ಹೊಕ್ಕು, ಗುರಿಯ ಸಮೀಪದಲ್ಲಿ ಹಲವು ಬಾರಿ ಬಿದ್ದನು. ಅಧಿಕಾರಿಗಳು ಎಬ್ಬಿಸಿ ದಾಟಿಸಿದರು. ಪರಸಹಾಯ ಪಡೆದುದಕ್ಕಾಗಿ ಅವನಿಗೆ ಪದಕ ತಪ್ಪಿತು. ಆದರೆ ರಾಣಿ ಅಲೆಕ್ಸಾಂಡ್ರಾ ಚಿನ್ನದ ಮುಲಾಮಿನ ಬೆಳ್ಳಿಯ ಬಟ್ಟಲನ್ನು ಕೊಟ್ಟು ಅವನನ್ನು ಗೌರವಿಸಿದಳು. ಗಂಡಸರಿಗೆ ಮ್ಯಾರಥಾನ್ ಸಲ್ಲದೆಂದು ಯಾರೂ ನಿಷೇಧಿಸಲಿಲ್ಲ. ಬಿದ್ದ ಗಂಡು ವೀರನಾದನು. ಒರಗಿದ ಹೆಣ್ಣು ನಿಷೇಧಕ್ಕೆ ಕಾರಣಳಾದಳು. ದಣಿವು ಒಂದೇ, ಅದನ್ನು ಓದಿದ ಕಣ್ಣು ಬೇರೆ.

ನಿಷೇಧದ ಗೋಡೆ ಮೆಲ್ಲಮೆಲ್ಲನೆ ಕುಸಿಯಿತು. 1960ರಲ್ಲಿ ರೋಮಿನಲ್ಲಿ 800 ಮೀಟರನ್ನು ರಷ್ಯದ ಲ್ಯುಡ್ಮಿಲಾ ಶೆವ್ತ್ಸೋವಾ 2 ನಿಮಿಷ 4.3 ಸೆಕೆಂಡುಗಳಲ್ಲಿ ಗೆದ್ದಳು. 1896ರಲ್ಲಿ ಅದೇ ದೂರವನ್ನು ಗೆದ್ದ ಪುರುಷನ ಕಾಲ 2 ನಿಮಿಷ 11 ಸೆಕೆಂಡು. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕೇವಲ ಮೊದಲಕ್ಷರಗಳಿಂದ ಹೆಸರು ನೋಂದಾಯಿಸಿ 261ನೆಯ ಸಂಖ್ಯೆಯನ್ನು ಧರಿಸಿ ಓಡುತ್ತಿದ್ದ ಕ್ಯಾಥರಿನ್ ಸ್ವಿಟ್ಜರಳ ಸಂಖ್ಯೆಯನ್ನು ಕಿತ್ತುಹಾಕಲು ಅಧಿಕಾರಿಯೊಬ್ಬನು ದಾರಿಯಲ್ಲಿಯೇ ಯತ್ನಿಸಿದನು. ಅವಳು ಓಟವನ್ನು ಪೂರೈಸಿದಳು. ಆ ಸ್ಪರ್ಧೆ ಸ್ತ್ರೀಯರಿಗೆ ಅಧಿಕೃತವಾಗಿ ತೆರೆದುದು 1972ರಲ್ಲಿ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಮೊತ್ತಮೊದಲಾಗಿ ಸ್ತ್ರೀಯರ ಮ್ಯಾರಥಾನ್ ನಡೆದಾಗ ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗೆದ್ದಳು. 1948ರವರೆಗಿನ ಯಾವ ಒಲಿಂಪಿಕ್ ಕೂಟದಲ್ಲಿಯೂ ಗಂಡಸರು ಈ ಕಾಲವನ್ನು ಮುಟ್ಟಿರಲಿಲ್ಲ.

ಇನ್ನು ಶಾಲೆಗೆ ಬರೋಣ. ದೇಹಶಕ್ತಿಯನ್ನು ಅಂಕೆಗಳಲ್ಲಿ ಅಳೆಯುವ ಪದ್ಧತಿ 1950ರ ದಶಕದಲ್ಲಿ ಪ್ರಬಲವಾಯಿತು. ಹ್ಯಾನ್ಸ್ ಕ್ರಾಸ್ ಎಂಬ ವೈದ್ಯನೂ, ಮುಂದೆ ಬಾನಿ ಪ್ರುಡೆನ್ ಎಂದು ಪ್ರಸಿದ್ಧಳಾದ ಶಿಕ್ಷಕಿಯೂ ಆರು ಸಣ್ಣ ಸಾಧನೆಗಳ ಪರೀಕ್ಷೆಯೊಂದನ್ನು ಅಮೆರಿಕದ ಮತ್ತು ಯುರೋಪಿನ ಮಕ್ಕಳ ಮೇಲೆ ನಡೆಸಿದರು. ಅಮೆರಿಕದ ಮಕ್ಕಳಲ್ಲಿ ನೂರಕ್ಕೆ 57.9 ಮಂದಿಯೂ ಯುರೋಪಿನವರಲ್ಲಿ ನೂರಕ್ಕೆ 8.7 ಮಂದಿಯೂ ಅನುತ್ತೀರ್ಣರಾದರು. ಆ ಪರೀಕ್ಷೆ ಬಾಲಕ ಬಾಲಿಕೆಯರಿಗೆ ಒಂದೇ ಆಗಿತ್ತೆಂಬುದು ಗಮನಾರ್ಹ. ಏಕೆಂದರೆ ಅದು ಕೇಳಿದುದು ನಿತ್ಯಜೀವನಕ್ಕೆ ಬೇಕಾದ ಕನಿಷ್ಠ ಶಕ್ತಿಯನ್ನು. ಇದರಿಂದ ಕಳವಳಗೊಂಡ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಯುವಜನರ ದೇಹಕ್ಷಮತೆಗಾಗಿ ಒಂದು ಮಂಡಳಿಯನ್ನು ನೇಮಿಸಿದನು. ಆಮೇಲೆ 1958ರಲ್ಲಿ ಅಲ್ಲಿಯ ವ್ಯಾಯಾಮ ಶಿಕ್ಷಕರ ಸಂಘವು ಹೊರತಂದ ಪರೀಕ್ಷೆಯಲ್ಲಿ 600 ಗಜಗಳ ಓಟ-ನಡಿಗೆ ಇದೆ. 50 ಗಜಗಳ ವೇಗದ ಓಟ ಇದೆ. ಬಾಲಕರು ಕಂಬಿಗೆ ಜೋತು ಮೈಯನ್ನೆತ್ತಬೇಕು, ಬಾಲಿಕೆಯರು ತಗ್ಗಿನ ಕಂಬಿಯನ್ನು ಹಿಡಿದು, ಕಾಲನ್ನು ನೆಲಕ್ಕೆ ಕೊಟ್ಟು ಎತ್ತಿದರೆ ಸಾಕು ಎಂಬ ವ್ಯತ್ಯಾಸವೂ ಇದೆ. ಮಲಗಿ ಏಳುವ ಸಾಧನೆಯಲ್ಲಿ ಬಾಲಕನು ನೂರನ್ನು ಮುಟ್ಟುವವರೆಗೆ ಎಣಿಸಬೇಕು. ಬಾಲಿಕೆ ಐವತ್ತಕ್ಕೆ ಬಂದಾಗ ನಿಲ್ಲಿಸಬೇಕು! ಐವತ್ತೊಂದನೆಯದು ಅವಳಿಂದ ಆಗುತ್ತದೆಯೋ ಇಲ್ಲವೋ ಎಂದು ತಿಳಿಯುವ ಕುತೂಹಲವೇ ಆ ಪರೀಕ್ಷೆಗೆ ಇರಲಿಲ್ಲ. ನಮ್ಮ ಇಂದಿನ 600 ಮೀಟರು, 50 ಮೀಟರು, ಊರಿದ ಮೊಣಕಾಲು ಇವು ಈ ಬಳಗಕ್ಕೇ ಸೇರಿದವೆಂಬುದು ನೋಡಿದೊಡನೆಯೇ ತಿಳಿಯುತ್ತದೆ.

ಹಾಗಾದರೆ ಅಳತೆಗೋಲು ಒಂದೇ ಆಗಿಬಿಟ್ಟರೆ ನ್ಯಾಯ ದೊರೆಯಿತೇ? ಅಷ್ಟು ಸುಲಭವಲ್ಲ. 1972ರಲ್ಲಿ ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂದು, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ಪ್ರೌಢಶಾಲೆಗಳ ಕ್ರೀಡಾತಂಡಗಳಲ್ಲಿ 1971–72ರಲ್ಲಿ ಸುಮಾರು 2,94,000 ಇದ್ದ ಬಾಲಿಕೆಯರ ಸಂಖ್ಯೆ 2010–11ರ ಹೊತ್ತಿಗೆ 31 ಲಕ್ಷವನ್ನು ದಾಟಿತು. ಇಷ್ಟು ಬೇಗ ಹುಡುಗಿಯರ ಮೂಳೆ ಮಾಂಸಗಳು ಬದಲಾಗಲಿಲ್ಲವಷ್ಟೆ, ಬದಲಾದುದು ಅವಕಾಶ. ಆದರೆ ಅದೇ ಕಾನೂನಿನ 1975ರ ನಿಯಮಗಳು ಇನ್ನೊಂದು ವಿವೇಕವನ್ನೂ ತೋರಿಸಿದುವು. ವ್ಯಾಯಾಮದ ತರಗತಿಯಲ್ಲಿ ಬಾಲಕ ಬಾಲಿಕೆಯರು ಜೊತೆಯಾಗಿರಬೇಕು. ಸಾಮರ್ಥ್ಯಕ್ಕೆ ತಕ್ಕಂತೆ ಗುಂಪು ಮಾಡಬಹುದು. ಆದರೆ ಒಂದೇ ಅಳತೆಯಿಂದ ಒಂದು ಲಿಂಗದವರಿಗೆ ಹಾನಿಯಾಗುವಂತಿದ್ದರೆ ಹಾಗಾಗದಂಥ ಅಳತೆಯನ್ನು ಬಳಸತಕ್ಕದ್ದು. ಸಮಾನತೆ ಎಂದರೆ ಏಕರೂಪತೆಯಲ್ಲ ಎಂಬ ತತ್ತ್ವ ಇಲ್ಲಿದೆ.

ಶರೀರಶಾಸ್ತ್ರವೂ ಇದನ್ನೇ ಹೇಳುತ್ತದೆ. ಪ್ರಾಯಕ್ಕೆ ಬರುವ ಮುಂಚೆ ಬಾಲಕ ಬಾಲಿಕೆಯರ ಓಟ, ನೆಗೆತ, ಸ್ನಾಯುಬಲಗಳಲ್ಲಿ ವ್ಯತ್ಯಾಸ ಅಲ್ಪ. ಅನಂತರ ಬಾಲಕರಲ್ಲಿ ಟೆಸ್ಟೋಸ್ಟಿರೋನ್ ಎಂಬ ರಸದ ಪ್ರಭಾವದಿಂದ ಸ್ನಾಯುವೂ ರಕ್ತದ ಹಿಮೋಗ್ಲೋಬಿನ್ನೂ ಹೆಚ್ಚುತ್ತವೆ. ತೋಳಿನ ಬಲದಲ್ಲಿ ಅಂತರ ಇನ್ನೂ ದೊಡ್ಡದು. 800 ಮೀಟರಿನಲ್ಲಿ 1983ರಲ್ಲಿ ಯಾರ್ಮಿಲಾ ಕ್ರಾಟೊಕ್ವಿಲೊವಾ ಸಾಧಿಸಿದ ಕಾಲ 1 ನಿಮಿಷ 53.28 ಸೆಕೆಂಡು, 2012ರಲ್ಲಿ ಡೇವಿಡ್ ರುಡಿಶಾ ಸಾಧಿಸಿದುದು 1 ನಿಮಿಷ 40.91 ಸೆಕೆಂಡು. ಅಂತರ 12.37 ಸೆಕೆಂಡು, ಅಂದರೆ ನೂರಕ್ಕೆ ಸುಮಾರು ಹನ್ನೆರಡು. ಇದನ್ನು ಅಲ್ಲಗಳೆಯುವುದು ಸತ್ಯವಲ್ಲ. ಆದರೆ ಇನ್ನೊಂದು ಲೆಕ್ಕವನ್ನೂ ಮಾಡೋಣ. ರಾಡ್ಕೆಯ 1928ರ ಕಾಲಕ್ಕೂ ಶೆವ್ತ್ಸೋವಾಳ 1960ರ ಕಾಲಕ್ಕೂ ಇರುವ ಅಂತರ 12.5 ಸೆಕೆಂಡು. ಪ್ರಕೃತಿ ಇಟ್ಟ ಅಂತರದಷ್ಟೇ ದೊಡ್ಡದು, ಅಭ್ಯಾಸವೂ ಅವಕಾಶವೂ ದಾಟಿಸಿದ ಅಂತರ! ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಕಲಿಯುವುದೇ ಉಪಾಧ್ಯಾಯನ ವಿವೇಕ.

ನಮ್ಮ ದೇಶದ ಚರಿತ್ರೆ ಇದಕ್ಕಿಂತ ಬೇರೆಯಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ನೀಲಿಮಾ ಘೋಷ್ ಮತ್ತು ಮೇರಿ ಡಿ'ಸೋಜಾ ಭಾರತದ ಪರವಾಗಿ ಓಡಿದರು. 1957ರಲ್ಲಿ ಗ್ವಾಲಿಯರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವ್ಯಾಯಾಮ ಶಿಕ್ಷಣ ಕಾಲೇಜಿಗೆ ಕತ್ತಿ ಹಿಡಿದು ಕುದುರೆಯೇರಿದ ರಾಣಿ ಲಕ್ಷ್ಮೀಬಾಯಿಯ ಹೆಸರನ್ನಿಟ್ಟರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ 400 ಮೀಟರನ್ನು ಗೆದ್ದು ಕಮಲ್‌ಜಿತ್ ಸಂಧು ಚಿನ್ನ ತಂದಳು.

ನಮಗೆ ಎಲ್ಲಕ್ಕಿಂತ ಸಮೀಪದ ಕಥೆ ಕಣ್ಣೂರಿನದು. 1976ರಲ್ಲಿ ಕೇರಳ ಸರ್ಕಾರವು ಅಲ್ಲಿ ಬಾಲಿಕೆಯರಿಗಾಗಿ ಕ್ರೀಡಾಶಾಲೆಯನ್ನು ತೆರೆಯಿತು. ಆಗ ನಮ್ಮ ಕಾಸರಗೋಡು ಕಣ್ಣೂರು ಜಿಲ್ಲೆಯದೇ ಒಂದು ಭಾಗ. ಆ ಶಾಲೆಗೆ ಸೇರಿದ ಬಾಲಿಕೆಯರಲ್ಲಿ ಪಯ್ಯೋಳಿಯ ಪಿ. ಟಿ. ಉಷಾ ಒಬ್ಬಳು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು; ಅದೇ ವರ್ಷದ ಆಗಸ್ಟ್ 8ರಂದು ಲಾಸ್ ಏಂಜಲಿಸಿನಲ್ಲಿ ಉಷಾ 400 ಮೀಟರು ಹರ್ಡಲ್ಸ್ ಓಟವನ್ನು 55.42 ಸೆಕೆಂಡುಗಳಲ್ಲಿ ಪೂರೈಸಿ, ಸೆಕೆಂಡಿನ ನೂರರಲ್ಲಿ ಒಂದಂಶದಿಂದ ಕಂಚಿನ ಪದಕವನ್ನು ಕಳೆದುಕೊಂಡಳು. ಆ ನೂರರಲ್ಲೊಂದಂಶಕ್ಕಾಗಿ ದೇಶವೆಲ್ಲ ಮರುಗಿತು. ಆದರೆ ಪುರುಷರಿಗೆ 1900ರಲ್ಲಿಯೇ ಇದ್ದ ಆ ಸ್ಪರ್ಧೆ ಸ್ತ್ರೀಯರಿಗೆ ಒಲಿಂಪಿಕ್ಸಿನಲ್ಲಿ ದೊರೆತುದು ಆ ದಿನಗಳಲ್ಲಿಯೇ ಮೊದಲು. ಅದಕ್ಕಾಗಿ ಕಳೆದುಹೋದ 84 ವರ್ಷಗಳಿಗಾಗಿ ಮರುಗಿದವರು ಎಷ್ಟು ಮಂದಿ?

ಇಂದಿನ ನಮ್ಮ ಆಟದ ಬಯಲಿಗೆ ಹಿಂತಿರುಗೋಣ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮೈದಣಿವು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಬಾಲಕರಿಗೆ ಇಷ್ಟು, ಬಾಲಿಕೆಯರಿಗೆ ಅಷ್ಟು ಎಂದು ಭೇದ ಮಾಡಿಲ್ಲ. ಆದರೆ ಅನೇಕ ಶಾಲೆಗಳಲ್ಲಿ ಡ್ರಿಲ್ ಪೀರಿಯಡ್ ಬಂದೊಡನೆ ಚೆಂಡು ಹುಡುಗರ ಕೈಗೆ ಹೋಗುತ್ತದೆ. ಹುಡುಗಿಯರು ಮರದ ನೆರಳಿಗೆ ಹೋಗುತ್ತಾರೆ. ಅಂಗಳದಲ್ಲಿ ಕುಂಟೆಬಿಲ್ಲೆ ಕುಣಿದ ಕಾಲುಗಳು ಏಳನೆಯ ತರಗತಿಗೆ ಬರುವಾಗ ಸ್ತಬ್ಧವಾಗುತ್ತವೆ. ಇನ್ನೊಂದು ಕಟುಸತ್ಯವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 19 ವರ್ಷದ ಬಾಲಿಕೆಯರಲ್ಲಿ ನೂರಕ್ಕೆ 59.1 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಬಾಲಕರಲ್ಲಿ ನೂರಕ್ಕೆ 31.1. 600 ಮೀಟರು ಓಡುವಾಗ ಏದುಸಿರು ಬಿಟ್ಟು ಕುಳಿತವಳನ್ನು ನೋಡಿ 'ಹುಡುಗಿಯಲ್ಲವೇ' ಎಂದು ಸುಮ್ಮನಾದರೆ, ಅವಳ ರಕ್ತದ ಬಡತನವನ್ನು ಅವಳ ಹೆಣ್ತನದ ಲೆಕ್ಕಕ್ಕೆ ಬರೆದಂತಾಗುವುದು. ಕಡಿಮೆ ನಿರೀಕ್ಷೆ ಎಂಬುದು ಕೆಲವೊಮ್ಮೆ ದಯೆಯ ವೇಷದ ಉಪೇಕ್ಷೆ.

ಆದುದರಿಂದ ನಮಗೆ ತೋಚುವುದಿಷ್ಟು. ಪ್ರಾಯಕ್ಕೆ ಬಂದ ಮಕ್ಕಳಿಗೆ ಅಂಕಪಟ್ಟಿ ಬೇರೆಯಾಗಿದ್ದರೆ ಅದರಲ್ಲಿ ಅನ್ಯಾಯವಿಲ್ಲ. ಅದು ಪ್ರಕೃತಿಗೆ ಸಲ್ಲಿಸುವ ಗೌರವ. ಆದರೆ ಒಂಬತ್ತು ವರ್ಷದ ಮಗುವಿಗೆ, ಅವಳು ಪ್ರಯತ್ನಿಸುವ ಮೊದಲೇ, ಮೊಣಕಾಲೂರೆಂದು ಹೇಳುವುದು ಪ್ರಕೃತಿಯ ಮಾತಲ್ಲ. ಅದು ಹಳೆಯ ಕಾಲದ ಮಾತು. ಊರಿದ ಮೊಣಕಾಲು ಬಲ ಸಾಲದ ಎಲ್ಲ ಮಕ್ಕಳಿಗೂ, ಬಾಲಕರಿಗೂ ಸಹ, ಮೊದಲ ಮೆಟ್ಟಲಾಗಲಿ. ಊರದ ಮೊಣಕಾಲು ಬಲವುಳ್ಳ ಎಲ್ಲರಿಗೂ ಮುಂದಿನ ಮೆಟ್ಟಲಾಗಲಿ. ಪ್ರತಿ ಮಗುವಿನ ಈ ವರ್ಷದ ಸಾಧನೆಯನ್ನು ಅದರದೇ ಕಳೆದ ವರ್ಷದ ಸಾಧನೆಯೊಡನೆ ಹೋಲಿಸೋಣ. ಬಯಲು, ಚೆಂಡು, ಸಮಯ ಇವುಗಳ ಹಂಚಿಕೆಯಲ್ಲಿ ಮಾತ್ರ ಅಳತೆಗೋಲು ಎರಡಾಗದಿರಲಿ.

ಆ ಹುಡುಗಿ ಈಗ ಐದನೆಯ ತರಗತಿಯಲ್ಲಿದ್ದಾಳೆ. ಈ ವರ್ಷದ ಪರೀಕ್ಷೆಯ ದಿನ ನಾವು ನಿಯಮದಂತೆ ಮೊಣಕಾಲೂರಿಸಿ ಎಣಿಸಿ ಪಟ್ಟಿಯಲ್ಲಿ ಬರೆದೆವು. ಬಳಿಕ ಅವಳನ್ನು ಕರೆದು, "ಇನ್ನು ನಿನಗೆ ಬರುವ ಹಾಗೆ ಮಾಡಿ ತೋರಿಸು" ಎಂದೆವು. ಅವಳು ಹನ್ನೊಂದು ಬಾರಿ ಎದ್ದಳು. ಆ ಹನ್ನೊಂದನ್ನು ಬರೆಯಲು ಪಟ್ಟಿಯಲ್ಲಿ ಅಂಕಣವಿಲ್ಲ. ನಮ್ಮ ಡೈರಿಯಲ್ಲಿ ಅದನ್ನು ಬರೆದಿಟ್ಟುಕೊಂಡಿದ್ದೇವೆ.